ಸೀಸೆಗೆ ಸಿಗದ ಔಷಧಿ: ಕಪ್ಪುತಲೆ ಹುಳುವಿಗೆ ಮನೆಯಲ್ಲೇ ಗೋನಿಯೋಜಸ್ ಸಾಕಿದ ನನ್ನ ಅನುಭವ

ಹೋದ ತಿಂಗಳು ಬೆಂಗಳೂರಿನಲ್ಲಿ ಜೈವಿಕ ಔಷಧಿ ಕಂಪನಿಗಳ ಸಭೆ ಇತ್ತು. ರೈತರ ಕಡೆಯಿಂದ ಹತ್ತು ನಿಮಿಷ ಮಾತಾಡಿ ಅಂತ ನನ್ನನ್ನೂ ಕರೆದಿದ್ದರು. ಎಸಿ ಹಾಲ್, ಕುತ್ತಿಗೆಗೆ ಬ್ಯಾಡ್ಜು, ಸಾಲು ಮಳಿಗೆಗಳು. ಎಲ್ಲ ಕಡೆ ಸೀಸೆ, ಪೊಟ್ಟಣ, ಡಬ್ಬ. ಟ್ರೈಕೋಡರ್ಮಾ, ಸ್ಯೂಡೋಮೊನಾಸ್, ಮೆಟಾರೈಜಿಯಂ, ಬವೇರಿಯಾ ಅನ್ನೋ ಶಿಲೀಂಧ್ರ–ಬ್ಯಾಕ್ಟೀರಿಯಾಗಳು, ಬೇವಿನೆಣ್ಣೆ. ಒಂದು ಸುತ್ತು ಹಾಕಿ "ಗೋನಿಯೋಜಸ್ ಇದೆಯಾ?" ಅಂತ ಕೇಳುತ್ತಾ ಬಂದೆ. ತೆಂಗಿನ ಗರಿ ತಿನ್ನೋ ಕಪ್ಪುತಲೆ ಹುಳುವನ್ನು ಕೊಲ್ಲೋ ಪುಟ್ಟ ಕಣಜ ಅದು. ಒಬ್ಬ ಹುಡುಗ "ಅದು ಯಾವ ಬ್ರ್ಯಾಂಡು ಸರ್?" ಅಂದ. ಪಕ್ಕದ ಮಳಿಗೆಯಲ್ಲಿದ್ದ ಸ್ವಲ್ಪ ವಯಸ್ಸಾದವರು ನಕ್ಕರು. "ಕಪಾಟಿನಲ್ಲಿ ಎರಡು ವಾರ ಮರೆತರೆ ಸತ್ತುಹೋಗೋ ಸರಕು ಅದು. ಯಾವ ಅಂಗಡಿಯವನು ಇಡ್ತಾನೆ ಹೇಳಿ?"

ಅವರು ಹೇಳಿದ್ದು ಸರಿ. ಶಿಲೀಂಧ್ರವನ್ನು ಪುಡಿ ಮಾಡಿ ಪೊಟ್ಟಣ ಕಟ್ಟಬಹುದು. ಕಣಜವನ್ನು ಕಟ್ಟೋಕಾಗಲ್ಲ. ಅದಕ್ಕೇ ತೋಟದವನೇ ಸಾಕಿಕೊಳ್ಳಬೇಕು ಅನ್ನೋದು ನನ್ನ ವಾದ. ಮೂರು ವರ್ಷದ ಹಿಂದೆ ನಮ್ಮೂರಲ್ಲಿ ಇದೇ ಮಾತು ಹೇಳಿದಾಗ "ಹುಳ ಹೊಡೆಯೋಕೆ ಹುಳ ಸಾಕ್ತಾನಂತೆ" ಅಂತ ಟೀ ಅಂಗಡಿಯಲ್ಲಿ ನಕ್ಕಿದ್ದರು. ಈಗ ನಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಕಡೆ. ನಾಲ್ಕೂವರೆ ಎಕರೆ, 180 ತೆಂಗಿನ ಮರ ಚಿಲ್ಲರೆ. 2022ರ ಬೇಸಿಗೆಯಲ್ಲಿ ಕೆಳಗಿನ ಗರಿಗಳು ಬೆಂಕಿ ತಾಗಿದ ಹಾಗೆ ಕಂದಿದವು. ಕಪ್ಪುತಲೆ ಹುಳು. ಎಲ್ಲರ ಹಾಗೆ ನಾನೂ ಬೇರಿಗೆ ಮೊನೊಕ್ರೋಟೊಫಾಸ್ ಅನ್ನೋ ಕೀಟನಾಶಕ ಕಟ್ಟಿಸಿದೆ. ಕೂಲಿ ಸೇರಿ ಮರಕ್ಕೆ 60–70 ರೂಪಾಯಿ ಬಿತ್ತು. ಎರಡು ಸಲ ಕಟ್ಟಿಸಿದ್ದು, ಲೆಕ್ಕ ನೀವೇ ಹಾಕಿ. ಮೇಲೆ 45 ದಿನ ಕಾಯಿ ಕೀಳೋ ಹಾಗಿಲ್ಲ, ಎಳನೀರು ಮಾರೋ ಹಾಗಿಲ್ಲ. ಹುಳು ಹೋಯಿತು. ಮುಂದಿನ ಜನವರಿಗೆ ನೆಂಟರ ಹಾಗೆ ವಾಪಸ್ ಬಂತು. ಅದೇ 2023ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 8,000ದ ಆಸುಪಾಸಿಗೆ ಬಿದ್ದಿತ್ತು. ಬೆಂಬಲ ಬೆಲೆ 11,750 ಇದ್ದ ವರ್ಷ ಅದು. ಮತ್ತೆ ಬೇರಿಗೆ ಕಟ್ಟಿಸೋಕೆ ಕೈಯಲ್ಲಿ ದುಡ್ಡೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಮೊದಲು ಒಂದು ಲ್ಯಾಬ್‌ನಿಂದ ಗೋನಿಯೋಜಸ್ ಕೊಳವೆ ತರಿಸಿದೆ. ಮಾರ್ಚ್ ತಿಂಗಳು. ಪಾರ್ಸೆಲ್ ಬಸ್ಸಿನ ಬಾನೆಟ್ ಮೇಲೆ ಕೂತು ಬಂತು. ಮಧ್ಯಾಹ್ನ ಒಂದು ಗಂಟೆಗೆ ಬಿಚ್ಚಿ ನೋಡಿದರೆ ಜೇನು ಕರಗಿ ಹರಿದು, ಅದಕ್ಕೆ ಕರೀ ಎಳ್ಳಿನ ಹಾಗೆ ಅಂಟಿಕೊಂಡಿದ್ದವು. 40 ಕೊಳವೆಯಲ್ಲಿ ಜೀವ ಇದ್ದದ್ದು ನಾಲ್ಕೋ ಐದೋ. ಸುಮಾರು 1,800 ರೂಪಾಯಿ ನೀರಿಗೆ. ಎರಡನೇ ಸಲ ಬದುಕಿದ್ದವು ಬಂದವು, ಬಿಟ್ಟೆ, ಏನೂ ಆಗಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಆಮೇಲೆ ಹೆಬ್ಬಾಳದಲ್ಲಿರೋ ಕೃಷಿ ಕೀಟಗಳ ಸಂಶೋಧನಾ ಸಂಸ್ಥೆ ಎನ್‌ಬಿಎಐಆರ್‌ಗೆ ಹೋಗಿ ಕಾರ್ಸೈರಾ ಅನ್ನೋ ಕಾಳಿನ ಚಿಟ್ಟೆಯ ಮೊಟ್ಟೆ, ಗೋನಿಯೋಜಸ್ ಎರಡನ್ನೂ ತಂದೆ. ಮನೆಯಲ್ಲಿ ಗೋನಿಯೋಜಸ್ ಸಾಕೋದು ಈ ಚಿಟ್ಟೆಯ ಹುಳುವಿನ ಮೇಲೆ. ಮನೆ ಹಿಂದೆ ಹಿಂಡಿ–ಬೂಸಾ ಇಡುತ್ತಿದ್ದ ಕೋಣೆ ಖಾಲಿ ಮಾಡಿದೆ. ಬೇಸಿನ್ನು, ಕಾಡಾ ಬಟ್ಟೆ, ಗಾಜಿನ ಕೊಳವೆ, ಜರಡಿ, ಕಬ್ಬಿಣದ ಸ್ಟ್ಯಾಂಡು ಎಲ್ಲ ಸೇರಿ ಒಂಬತ್ತು–ಹತ್ತು ಸಾವಿರ ಆಗಿರಬಹುದು. ಕೊಳವೆಯ ದುಡ್ಡೇ ಜಾಸ್ತಿ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡೋದು ಮರೆಯಬೇಡಿ, ಇರುವೆಗೆ.

ಕಾರ್ಸೈರಾ ಸಾಕೋದು ಹೀಗೆ. ಎರಡೂವರೆ ಕೆಜಿ ಸಜ್ಜೆ ನುಚ್ಚಿಗೆ ಅರ್ಧ ಸಿಸಿ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಪುಡಿ, ಮೇಲೆ ಬಟ್ಟೆ. ಸುಲಭ ಅನ್ನಿಸುತ್ತೆ ಅಲ್ವಾ? ನನ್ನ ಮೊದಲ ಎಂಟು ಬೇಸಿನ್ನಿನಲ್ಲಿ ಒಂದು ಹುಳುವೂ ಕಾಣಲಿಲ್ಲ. ಮೊಟ್ಟೆ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅಂಗಡಿಯ ಸಜ್ಜೆಗೆ ಗೋದಾಮಿನಲ್ಲಿ ಹುಳು ಸಾಯಿಸೋ ಮಾತ್ರೆ ಇಟ್ಟಿದ್ದರು. ನಾವು ತಿನ್ನೋ ಕಾಳಿನಲ್ಲಿ ಹುಳು ಬದುಕಲಿಲ್ಲ! ಈಗ ಯಾವ ಚೀಲ ತಂದರೂ ಒಂದು ಹಿಡಿ ಕಾಳಿಗೆ ನೂರು ಮೊಟ್ಟೆ ಹಾಕಿ ವಾರ, ಹತ್ತು ದಿನ ನೋಡುತ್ತೇನೆ. ಮರಿ ಹುಳು ಬಲೆ ಕಟ್ಟಿದರೆ ಮಾತ್ರ ಚೀಲ ಒಳಗೆ.

ಮನೆಯಲ್ಲಿ ರಾಗಿ ಇತ್ತಲ್ಲ, ಅದರಲ್ಲೂ ಎರಡು ಬೇಸಿನ್ನು ಹಾಕಿ ನೋಡಿದೆ. ಹುಳು ಆದವು, ಆದರೆ ಸಣಕಲು. ಅಂಥ ಹುಳುವಿನ ಮೇಲೆ ಗೋನಿಯೋಜಸ್ ನಾಲ್ಕೈದು ಮೊಟ್ಟೆ ಇಟ್ಟು ಸುಮ್ಮನಾಗುತ್ತೆ. ಜೋಳದ ನುಚ್ಚಿನಲ್ಲಿ ಪರವಾಗಿಲ್ಲ. ಸಜ್ಜೆಯೇ ಲೇಸು.

ದೊಡ್ಡ ಏಟು ಬಿದ್ದದ್ದು ಬ್ರಾಕಾನ್ ಅನ್ನೋ ಇನ್ನೊಂದು ಕಣಜದಿಂದ. 2023ರ ಅಕ್ಟೋಬರ್ ಇರಬೇಕು. ಹದಿನಾಲ್ಕು ಬೇಸಿನ್ನು ತುಂಬಿ ತುಳುಕುತ್ತಿತ್ತು. ಒಂದು ಬೆಳಗ್ಗೆ ಬಟ್ಟೆ ತೆಗೆದರೆ ಹುಳುಗಳು ಲಕ್ವಾ ಹೊಡೆದ ಹಾಗೆ ಬಿದ್ದಿವೆ. ಮುಟ್ಟಿದರೆ ಮಿಸುಕಲ್ಲ. ಗೋಡೆ ಮೇಲೆ ಸಣ್ಣ ಕಂದು ಕಣಜಗಳು ಆರಾಮಾಗಿ ಓಡಾಡುತ್ತಿದ್ದವು. ಸೊಳ್ಳೆ ಪರದೆಯ ಕಣ್ಣಿನಲ್ಲಿ ಅವು ಸಲೀಸಾಗಿ ನುಸುಳುತ್ತವೆ. ನಾನು ಕಿಟಕಿಗೆ ಅದನ್ನೇ ಹೊಡೆದಿದ್ದೆ. ಹತ್ತೇ ದಿನದಲ್ಲಿ ಎಲ್ಲ ಖಾಲಿ. ಇದರ ಜೊತೆ ಇನ್ನೊಂದು ದಡ್ಡತನವನ್ನೂ ಮಾಡಿದ್ದೆ, ಗೋನಿಯೋಜಸ್ ಕೊಳವೆಗಳನ್ನೂ ಅದೇ ಕೋಣೆಯಲ್ಲಿ ಇಟ್ಟಿದ್ದೆ. ತಪ್ಪಿಸಿಕೊಂಡ ಒಂದೊಂದೂ ಬೇಸಿನ್ನಿಗೇ ಇಳಿಯುತ್ತೆ. ನರಿಯ ಗೂಡಿನ ಪಕ್ಕ ಕೋಳಿ ಕಟ್ಟಿದ ಹಾಗೆ. ಒಂದು ತಿಂಗಳು ಕೋಣೆ ಮುಚ್ಚಿ, ತೊಳೆದು, ಬೇಸಿನ್ನುಗಳನ್ನು ಬಿಸಿಲಿಗೆ ಹಾಕಿ, ಸುಣ್ಣ ಹೊಡೆದು ಮತ್ತೆ ಶುರು ಮಾಡಿದೆ. ಈಗ ಕಾರ್ಸೈರಾ ಹಿತ್ತಲ ಕೋಣೆಯಲ್ಲಿ, ಗೋನಿಯೋಜಸ್ ಮನೆಯೊಳಗೆ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ. ಕಪಾಟಿನ ಕೆಲಸ ಮುಗಿಸಿ ಅದೇ ಅಂಗಿಯಲ್ಲಿ ಹಿತ್ತಲ ಕೋಣೆಗೆ ಹೋಗೋದಿಲ್ಲ.

ಚಿಟ್ಟೆಯ ರೆಕ್ಕೆ ಹುಡಿ ಬಗ್ಗೆಯೂ ಹೇಳಬೇಕು. ಮಾಸ್ಕ್ ಹಾಕದೆ ಎರಡು ತಿಂಗಳು ಮೊಟ್ಟೆ ಜರಡಿ ಹಿಡಿದೆ. ರಾತ್ರಿಯೆಲ್ಲ ಕೆಮ್ಮು, ಎದೆಯಲ್ಲಿ ಗೊರಗೊರ. ಡಾಕ್ಟರಿಗೆ, ಮಾತ್ರೆಗೆ 2,000 ಮೇಲೆ ಹೋಯಿತು. "ತೋಟದ ಹುಳ ಸಾಯೋಕೆ ಮುಂಚೆ ನೀವೇ ಹೋಗ್ತೀರಿ" ಅಂತ ನಮ್ಮ ಮನೆಯವರು ಒಂದು ದಿನ ಬೇಸಿನ್ನು ಎತ್ತಿ ಅಂಗಳಕ್ಕೆ ಇಟ್ಟುಬಿಟ್ಟಿದ್ದರು.

ಆದರೆ ಕೊಳವೆಯೊಳಗಿನ ಆಟ ನೋಡೋಕೆ ಈಗ ಅವರೇ ಬರುತ್ತಾರೆ. ಒಂದು ಕೊಳವೆಗೆ ಒಂದು ಹೆಣ್ಣು, ಒಂದು ಬಲಿತ ಹುಳು. ಹೆಣ್ಣು ನೋಡೋಕೆ ಕರೀ ಇರುವೆಯ ಹಾಗೆ, ರೆಕ್ಕೆ ಇದೆ ಅಷ್ಟೇ. ತನಗಿಂತ ಎಷ್ಟೋ ಪಾಲು ದೊಡ್ಡ ಹುಳುವಿನ ಮೇಲೆ ಹತ್ತಿ ಬಗ್ಗಿ ಕುಟುಕುತ್ತೆ. ಹುಳು ಎರಡು ಸಲ ಒದ್ದಾಡಿ ತಣ್ಣಗಾಗುತ್ತೆ. ಆಮೇಲೆ ಮೈ ಉದ್ದಕ್ಕೂ ಮೊಟ್ಟೆ ಜೋಡಿಸುತ್ತೆ. ಎಂಟೋ ಹತ್ತೋ, ಕೆಲವೊಮ್ಮೆ ಹನ್ನೆರಡು. ಭೂತಗನ್ನಡಿಯಲ್ಲಿ ನೋಡಿದರೆ ಸಬ್ಬಕ್ಕಿ ಅಂಟಿಸಿದ ಹಾಗೆ. ಮರಿಗಳು ಒಡೆದು, ಹುಳುವನ್ನು ಹೀರಿ, ಗೂಡು ಕಟ್ಟೋವರೆಗೂ ತಾಯಿ ಅಲ್ಲೇ ಕೂತಿರುತ್ತೆ. ಕೊಳವೆ ಅಲ್ಲಾಡಿಸಿದರೆ ಎದ್ದು ಒಂದು ಸುತ್ತು ಹಾಕಿ ಮತ್ತೆ ಮರಿಗಳ ಮೇಲೆ ಬಂದು ನಿಲ್ಲುತ್ತೆ. ನಮ್ಮ ಮನೆಯವರು ಅದಕ್ಕೆ ಬಾಣಂತಿ ಅಂತ ಹೆಸರಿಟ್ಟಿದ್ದಾರೆ. ಮೊಟ್ಟೆಯಿಂದ ಹೊಸ ಕಣಜಕ್ಕೆ ಹನ್ನೆರಡು ದಿನ, ಚಳಿಯಲ್ಲಿ ಇನ್ನೂ ಎರಡು ಮೂರು ದಿನ ಜಾಸ್ತಿ. ಹೊರಗೆ ಬಂದ ಹತ್ತರಲ್ಲಿ ಗಂಡು ಒಂದೋ ಎರಡೋ.

ಜೇನಿಗೆ ಅರ್ಧ ನೀರು ಬೆರೆಸಿ ಹತ್ತಿಗೆ ಹಚ್ಚಿ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೆರೆಸೋದು ಸ್ವಲ್ಪ ಬೇರೆ. ಅದನ್ನು ಇಲ್ಲಿ ಬರೆಯಲ್ಲ. ಎರಡು ವರ್ಷ ತಲೆ ಕೆಡಿಸಿಕೊಂಡದ್ದಕ್ಕೆ ಅಷ್ಟಾದರೂ ನನ್ನ ಹತ್ತಿರ ಇರಲಿ.

ಮೊದಲ ಸಲ ಬಿಟ್ಟಾಗ ಯಾಕೆ ಏನೂ ಆಗಲಿಲ್ಲ ಅಂದರೆ, ನಾನು ಹುಳುವಿನ ಹಂತ ನೋಡಿರಲಿಲ್ಲ. ಗೋನಿಯೋಜಸ್‌ಗೆ ಬೇಕಾದದ್ದು ಸ್ವಲ್ಪ ಬೆಳೆದ ಹುಳು. ನಾನು ಬಿಟ್ಟಾಗ ತೋಟದಲ್ಲಿ ಹೆಚ್ಚಿನವು ಕೋಶಕ್ಕೆ ಹೋಗಿದ್ದವು. ಮದುವೆ ಮುಗಿದ ಮೇಲೆ ಓಲಗದವರು ಬಂದ ಹಾಗಾಯಿತು. ಈಗ ಹತ್ತು ಮರಕ್ಕೆ ಒಂದರಂತೆ ಕೆಳಗಿನ ಒಂದು ಗರಿ ಕೊಯ್ಸುತ್ತೇನೆ. ನೆರಳಲ್ಲಿ ಚಾಪೆ ಹಾಕಿ ಕೂತು, ಗರಿಯ ತಳದ ಬಲೆ–ಹಿಕ್ಕೆಯ ಸುರಂಗವನ್ನು ಕಡ್ಡಿಯಲ್ಲಿ ಸೀಳಿ ಒಳಗೆ ಏನಿದೆ ಎಣಿಸುತ್ತೇನೆ. ನೂರು ಸುರಂಗ ಎಣಿಸೋಕೆ ಒಂದೂವರೆ ಗಂಟೆ ಬೇಕು. ಬೇಜಾರಿನ ಕೆಲಸ. ಅರ್ಧಕ್ಕಿಂತ ಜಾಸ್ತಿ ನಡುವಯಸ್ಸಿನ ಹುಳು ಇದ್ದರೆ ಬಿಡೋದು. ಬರೀ ಮರಿ ಇದ್ದರೆ ಹತ್ತು ಹನ್ನೆರಡು ದಿನ ಕಾಯೋದು.

ಬಿಡೋದರಲ್ಲೂ ಕೈ ಸುಟ್ಟುಕೊಂಡಿದ್ದೇನೆ. ಮರ ಹತ್ತೋರಿಗೆ ದುಡ್ಡು ಕೊಟ್ಟು ಮರದ ತಲೆಯಲ್ಲೇ ಬಿಡಿಸಿದೆ. ಮಟ್ಟೆಯ ಸಂದಿಯಲ್ಲಿ ಜೇಡ, ಗೊದ್ದ, ಕೆಂಜಿಗ ಎಲ್ಲ ಎಲೆ ಹಾಕಿಕೊಂಡು ಊಟಕ್ಕೆ ಕೂತಿದ್ದವು. ಈಗ ಸಂಜೆ ಹೊತ್ತು ಕಾಂಡದ ಮೇಲೆ, ಕೈಗೆ ಎಟುಕುವಲ್ಲಿ ಬಿಡುತ್ತೇನೆ. ಅವೇ ಹತ್ತಿ ಹೋಗುತ್ತವೆ. ಹತ್ತಿಸೋ ಕೂಲಿ ಉಳಿಯಿತು. ಬಿಡುವ ಹಿಂದಿನ ದಿನ ಕೊಳವೆಯೊಳಗೆ ಒಂದು ವಸ್ತು ಹಾಕುತ್ತೇನೆ. ಕಣಜಕ್ಕೆ ಹುಳುವಿನ ವಾಸನೆಯ ಪಾಠ ಅಂದುಕೊಳ್ಳಿ. ತೋಟದಲ್ಲೇ ಸಿಗುತ್ತೆ, ಕಾಸು ಖರ್ಚಿಲ್ಲ. ಗರಿ ಸೀಳಿ ಕೂತವರಿಗೆ ತಾನೇ ಹೊಳೆಯುತ್ತೆ.

2024ರ ಜನವರಿಯಿಂದ ಏಪ್ರಿಲ್‌ವರೆಗೆ, ಮರಕ್ಕೆ 20ರಂತೆ, ಐದು ಸಲ ಬಿಟ್ಟೆ. ಒಂದು ಸಲಕ್ಕೆ 3,600 ಕಣಜ ಬೇಕು. ಅಷ್ಟಕ್ಕೆ ನಾನೂರೈವತ್ತು, ಐನೂರು ಕಾರ್ಸೈರಾ ಹುಳು ಸಾಕು. ಒಂದು ಬೇಸಿನ್ನಿನಲ್ಲೇ ಅದಕ್ಕಿಂತ ಜಾಸ್ತಿ ಬರುತ್ತೆ. ಸಜ್ಜೆ, ಜೇನು, ಹತ್ತಿ ಸೇರಿ ಸಲಕ್ಕೆ 500–600 ರೂಪಾಯಿ. ನನ್ನ ಮತ್ತು ಮನೆಯವರ ಕೂಲಿ ಹಿಡಿದಿಲ್ಲ, ಹಿಡಿದರೆ ಜಗಳ ಆಗುತ್ತೆ.

ಜನವರಿಯಲ್ಲಿ ನೂರು ಸುರಂಗ ಸೀಳಿದರೆ 60ರ ಮೇಲೆ ಜೀವಂತ ಹುಳು. ಮೇ ಹೊತ್ತಿಗೆ ಎಂಟೊಂಬತ್ತು. ಉಳಿದವುಗಳಲ್ಲಿ ಒಣಗಿದ ಹುಳುವಿನ ಪಕ್ಕ ಗೋನಿಯೋಜಸ್ ಗೂಡಿನ ಗೊಂಚಲು. ಮೊದಲ ಗೊಂಚಲು ಸಿಕ್ಕ ದಿನ ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಟೀ ಅಂಗಡಿಗೆ ಹೋಗಿದ್ದೆ. ಬೇಲಿ ಕಡೆಯ ಎರಡು ಸಾಲು ಮಾತ್ರ ಸುಧಾರಿಸಲಿಲ್ಲ. ಪಕ್ಕದ ತೋಟದ ಮಾವ ಬಿಳಿನೊಣಕ್ಕೆ ಅಂತ ಪವರ್ ಪಂಪಿನಲ್ಲಿ ಎಂಥದ್ದೋ ಹೊಡೆಸಿದ್ದರು. ಗಾಳಿ ನಮ್ಮ ಕಡೆಗಿತ್ತು.

ಇಳುವರಿ ಒಂದೇ ಸಲ ಬರಲಿಲ್ಲ, ತೆಂಗು ಹಾಗೆ ಬರೋದೂ ಇಲ್ಲ. ಮುಂಚೆ ಮರಕ್ಕೆ 90ರ ಹತ್ತಿರ ಇತ್ತು. 2023ರಲ್ಲಿ 45. 2024ರಲ್ಲಿ 55. 2025ರಲ್ಲಿ 80 ಮುಟ್ಟಿದೆ. 2024ರ ಕಾಯಿ ಅಟ್ಟದಲ್ಲಿ ಹನ್ನೊಂದು ತಿಂಗಳು ಕೂತು ಉಂಡೆ ಕೊಬ್ಬರಿಯಾಗಿ ಕೆಳಗಿಳಿಯುವ ಹೊತ್ತಿಗೆ ಬೆಲೆ 25,000 ದಾಟಿತ್ತು. 13 ಕ್ವಿಂಟಾಲ್ ಮೇಲಾಯಿತು. ಬೆಲೆ ನನ್ನ ಜಾಣತನ ಅಲ್ಲ, ಅಟ್ಟದಲ್ಲಿ ಕೊಬ್ಬರಿ ಇತ್ತಲ್ಲ, ಅದು ನನ್ನದು.

ಬಿಳಿನೊಣದ ಮಾತು ಬಂತು. 2016ರಲ್ಲಿ ಪೊಳ್ಳಾಚಿಯಲ್ಲಿ ಕಂಡದ್ದು ಈಗ ಎಲ್ಲರ ತೋಟದಲ್ಲೂ ಇದೆ. ಅದಕ್ಕೆ ಎನ್ಕಾರ್ಸಿಯಾ ಅನ್ನೋ ಇನ್ನೊಂದು ಕಣಜ ಇದೆ. ಅದನ್ನು ಸಾಕಬೇಕಿಲ್ಲ. ಕಪ್ಪಾಗಿರುವ ಬಿಳಿನೊಣದ ಕೋಶಗಳಿರುವ ಗರಿಯ ತುಂಡು ಕತ್ತರಿಸಿ, ಹೊಸದಾಗಿ ನೊಣ ಬಂದ ಮರಕ್ಕೆ ಕಟ್ಟೋದು. ಇಪ್ಪತ್ತು ಮರಕ್ಕೆ ಕಟ್ಟಿದ್ದೇನೆ. ಹನ್ನೆರಡರಲ್ಲಿ ಕೋಶ ಕಪ್ಪಾಗಿದೆ. ಉಳಿದವುಗಳಲ್ಲಿ ಗರಿ ಬೇಗ ಒಣಗಿತು ಅನ್ನಿಸುತ್ತೆ. ಪೂರ್ತಿ ಗೆದ್ದಿದ್ದೇನೆ ಅಂತ ಹೇಳಲಾರೆ.

ಸಭೆಯಲ್ಲಿ ನನಗಿಂತ ಮುಂಚೆ ಮಾತಾಡಿದವರು ಪಪ್ಪಾಯ ಹಿಟ್ಟುತಿಗಣೆಯ ಕಥೆ ಹೇಳಿದರು. 2010ರಲ್ಲಿ ಪೋರ್ಟೊರಿಕೊದಿಂದ ತಂದ ಅಸೆರೊಫೇಗಸ್ ಕಣಜ ಅದನ್ನು ಹೇಗೆ ಮಟ್ಟ ಹಾಕಿತು ಅಂತ. ಅದು ಒಮ್ಮೆ ಬಿಟ್ಟರೆ ತಾನೇ ಹಬ್ಬುವ ಜಾತಿ. ನನ್ನದು ಪ್ರತಿ ಬೇಸಿಗೆ ಬಿಡಬೇಕಾದದ್ದು. ನನ್ನ ಸರದಿ ಮುಗಿದ ಮೇಲೆ ಟೈ ಕಟ್ಟಿದ ಒಬ್ಬರು "ಇದನ್ನು ಹತ್ತು ಸಾವಿರ ಎಕರೆಗೆ ಮಾಡೋಕಾಗುತ್ತಾ?" ಅಂದರು. ನಾನು "ಒಂದು ಊರಿಗೆ ಮಾಡೋಕಾಗುತ್ತೆ ಸರ್" ಅಂದೆ. ಅವರು ಏನೋ ಬರೆದುಕೊಂಡರು. ಊಟ ಚೆನ್ನಾಗಿತ್ತು, ಒಬ್ಬಟ್ಟು ಮಾತ್ರ ಸುಮಾರು.

ಮನೆಗೆ ಬಂದ ಮಾರನೇ ಬೆಳಗ್ಗೆ ಪಕ್ಕದ ತೋಟದ ಮಾವ ಸ್ಟೀಲ್ ಡಬ್ಬ ಹಿಡಿದು ಅಂಗಳಕ್ಕೆ ಬಂದರು. "ಏನಯ್ಯಾ, ನಿನ್ನ ಹುಳ ಒಂದು ಸೇರು ಕೊಡು" ಅಂದರು. ಸೇರಿನ ಲೆಕ್ಕ ಅಲ್ಲ ಮಾವ, ಮೊದಲು ಗರಿ ಕೊಯ್ಸಿ ನೋಡೋಣ, ಪವರ್ ಪಂಪು ಒಳಗಿಡಿ ಅಂದೆ. ಪಂಪಿನ ವಿಷಯಕ್ಕೆ ಇನ್ನೂ ಒಪ್ಪಿಲ್ಲ.