ಬಾಡಿಗೆ ಸ್ಕೂಟರ್‌ಗೆ ಜಾಗ ಕೊಡಿ, ಫುಟ್‌ಪಾತ್ ಉಳಿಸಿಕೊಳ್ಳಿ

ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಎಲೆಕ್ಟ್ರಿಕ್ ಸ್ಕೂಟರ್ ಹತ್ತುವುದು, ಇಳಿಯಬೇಕಾದ ಕಡೆ ಬಿಟ್ಟು ಹೋಗುವುದು ಬೆಂಗಳೂರಿಗೆ ಈಗ ಹಳೆಯ ಮಾತು. ಹುಬ್ಬಳ್ಳಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ಬಂದ ‘ಸವಾರಿ’ ಸೈಕಲ್‌ಗಳಿಗೆ ಅವುಗಳದೇ ನಿಲ್ದಾಣಗಳಿವೆ, ಒಯ್ದವರು ಅಲ್ಲಿಗೇ ತಂದು ನಿಲ್ಲಿಸಬೇಕು. ನಿಲ್ದಾಣದ ಹಂಗಿಲ್ಲದ ಗಾಡಿಗಳ ಕಥೆಯೇ ಬೇರೆ. ಇಳಿದ ಜಾಗವೇ ಅವುಗಳ ಸ್ಟ್ಯಾಂಡ್, ಹೆಚ್ಚಿನ ಸಲ ಅದು ಫುಟ್‌ಪಾತ್. ಸವಾರರನ್ನು ಬೈದರೆ ಇದು ನಿಲ್ಲುವುದಿಲ್ಲ. ಗಾಡಿಗಳು ಬರುವ ಮುಂಚೆಯೇ ಜಾಗ ಗುರುತಿಸಿ ಇಡಬೇಕು. ವಾರ್ಡ್ ಸಮಿತಿ, ಕಾಲೊನಿ ಸಂಘ, ಕಾಲೇಜಿನವರು ಸೇರಿ ಪಾಲಿಕೆಯಿಂದ ಈ ಕೆಲಸ ಮಾಡಿಸಬಹುದು.

ಮೊದಲು ಟೇಪು ಹಿಡಿಯಿರಿ

ಫುಟ್‌ಪಾತ್ ಮೇಲೆ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಇರಬೇಕು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ. ಗೋಡೆಯಿಂದ ಅಂಚಿನ ಕಲ್ಲಿನವರೆಗೆ ಅಳೆದು ‘ಬೇಕಾದಷ್ಟು ಇದೆ’ ಅನ್ನಬೇಡಿ. ಕಂಬ, ಟ್ರಾನ್ಸ್‌ಫಾರ್ಮರ್, ಮರದ ಕಟ್ಟೆ, ಅಂಗಡಿಯವರು ಹೊರಗಿಟ್ಟ ಬೋರ್ಡ್ ಎಲ್ಲ ಬಿಟ್ಟು ಉಳಿದದ್ದೇ ನಿಜವಾದ ಅಗಲ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಂಥ ಪೇಟೆಯಲ್ಲಿ ಹೀಗೆ ಅಳೆದು ನೋಡಿ. ಒಂದು ಸ್ಕೂಟರ್ ಅಡ್ಡ ನಿಂತರೆ ಒಂದೂವರೆ ಮೀಟರ್‌ಗೂ ಜಾಸ್ತಿ ಹೋಯಿತು. ಆಮೇಲೆ ಗಾಲಿಕುರ್ಚಿಯವರು, ಕೂಸಿನ ಕೈ ಹಿಡಿದವರು ಎಲ್ಲರೂ ರಸ್ತೆಗೆ ಇಳಿಯಬೇಕು, ಅಲ್ವಾ?

ಹಳದಿ ಟೈಲ್ಸ್ ಇದ್ದರೆ ಅವುಗಳ ಮೇಲೂ ಪಕ್ಕದಲ್ಲೂ ಏನೂ ನಿಲ್ಲಬಾರದು. ಉದ್ದ ಗೆರೆಗಳ ಟೈಲ್ಸ್ ಅಂದರೆ ‘ನೇರ ನಡೆಯಿರಿ’, ಗುಂಡು ಚುಕ್ಕಿಗಳದ್ದು ‘ನಿಲ್ಲಿ, ಎಚ್ಚರ’. ಕಣ್ಣು ಕಾಣದವರು ಅವನ್ನು ನಂಬಿಯೇ ನಡೆಯುತ್ತಾರೆ.

ಜಾಗ ರಸ್ತೆಯ ಅಂಚಿನಿಂದ ತೆಗೆಯಿರಿ

ಒಂದು ಕಾರು ನಿಲ್ಲುವ ಜಾಗ ಸುಮಾರು 5 ಮೀಟರ್ ಉದ್ದ, 2.5 ಮೀಟರ್ ಅಗಲ. ಅಷ್ಟರಲ್ಲಿ ಐದಾರು ಸ್ಕೂಟರ್ ಆರಾಮಾಗಿ ನಿಲ್ಲುತ್ತವೆ. ಓಣಿಯ ತಿರುವಿನ ಹತ್ತಿರದ ಜಾಗವಾದರೆ ಇನ್ನೂ ಒಳ್ಳೆಯದು. ಅಲ್ಲಿ ಕಾರು ನಿಂತರೆ ದಾಟುವವರು ಕಾಣುವುದಿಲ್ಲ, ಸ್ಕೂಟರ್ ಗಿಡ್ಡ, ಅಷ್ಟು ಮರೆಯಾಗುವುದಿಲ್ಲ. ಜೀಬ್ರಾ ಪಟ್ಟಿಯ ಬಾಯಿ ಮತ್ತು ಇಳಿಜಾರು ಮಾತ್ರ ಬಿಟ್ಟಿರಬೇಕು.

ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಗಳು ರಸ್ತೆಯ ನಡುವೆ ಇವೆ. ಬಸ್ ಹಿಡಿಯುವ ಅವಸರದಲ್ಲಿ ಇರುವವರು ಗಾಡಿಯನ್ನು ದಾಟುವ ಕಡೆಯೇ ಬಿಡುತ್ತಾರೆ, ಅದು ಮನುಷ್ಯ ಸ್ವಭಾವ. ಹಾಗಾಗಿ ಪಕ್ಕದ ಅಡ್ಡರಸ್ತೆಯ ಮೂಲೆಯಲ್ಲೇ ಗಾಡಿ ನಿಲ್ಲಿಸಲು ಬಿಳಿ ಗೆರೆಯ ಚೌಕ ಹಾಕಿಸಿ. ವಿದ್ಯಾನಗರದ ಕಾಲೇಜುಗಳು, ಧಾರವಾಡದ ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳು, ರೈಲು ನಿಲ್ದಾಣ, ಎಲ್ಲ ಕಡೆಯೂ ಒಂದೇ ದೊಡ್ಡ ಸ್ಟ್ಯಾಂಡ್‌ಗಿಂತ ಹತ್ತಿರ ಹತ್ತಿರ ಇರುವ ಸಣ್ಣ ಚೌಕಗಳೇ ಲೇಸು. ಬಿಸಿಲಲ್ಲಿ ಫರ್ಲಾಂಗುಗಟ್ಟಲೆ ಹಿಂದಕ್ಕೆ ನಡೆಯಲು ಯಾರೂ ತಯಾರಿರುವುದಿಲ್ಲ.

ಆ್ಯಪ್ ನಕ್ಷೆಯನ್ನೇ ನಂಬಬೇಡಿ

ಕಂಪನಿಯವರು ‘ನಕ್ಷೆಯಲ್ಲಿ ಗೆರೆ ಹಾಕಿದ್ದೇವೆ, ಹೊರಗೆ ನಿಲ್ಲಿಸಿದರೆ ರೈಡ್ ಮುಗಿಯುವುದಿಲ್ಲ’ ಅನ್ನುತ್ತಾರೆ. ಆದರೆ ಜಿಪಿಎಸ್ ಬಯಲಲ್ಲೇ ಕೆಲವು ಮೀಟರ್ ತಪ್ಪುತ್ತದೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಚೌಕಕ್ಕೂ ಫುಟ್‌ಪಾತಿಗೂ ಇರುವ ಅಂತರ ಒಂದು ಹೆಜ್ಜೆ. ಅದು ನಕ್ಷೆಗೆ ತಿಳಿಯುವುದಿಲ್ಲ.

ಸಿಂಗಪುರ ಇದಕ್ಕೆ ಸರಳ ದಾರಿ ಹಿಡಿಯಿತು. 2019ರ ಜನವರಿಯಿಂದ ಅಲ್ಲಿ ಬಾಡಿಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿರುವ ಕ್ಯೂಆರ್ ಸ್ಕ್ಯಾನ್ ಮಾಡಿದರಷ್ಟೇ ರೈಡ್ ಮುಗಿದಂತೆ. ಮಾಡದಿದ್ದರೆ 5 ಸಿಂಗಪುರ ಡಾಲರ್ ಶುಲ್ಕ, ವರ್ಷದಲ್ಲಿ ಮೂರು ಸಲ ತಪ್ಪಿದರೆ ಕೆಲ ಕಾಲ ಬಾಡಿಗೆಯೇ ಬಂದ್. ಫೋಟೊ ಕೇಳುವುದಾದರೆ ಗಾಡಿ ಪೂರ್ತಿ ಕಾಣಬೇಕು, ಬಿಳಿ ಗೆರೆಯೂ ಕಾಣಬೇಕು. ಬರೀ ಹ್ಯಾಂಡಲ್ ಫೋಟೊ ತಗೊಂಡು ಏನು ಮಾಡುವುದು?

ಒಪ್ಪಂದದಲ್ಲಿ ಬರೆಸಿಕೊಳ್ಳಿ

ಇದೇ ಮುಖ್ಯ. ಮೋಟರ್ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರುವ ಬ್ಯಾಟರಿ ಗಾಡಿಗಳನ್ನು ನಿಯಮಗಳು ಮೋಟಾರು ವಾಹನ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಂಬರ್ ಪ್ಲೇಟ್ ಬೇಡ. ಹಾಗಾದರೆ ಟ್ರಾಫಿಕ್ ಪೊಲೀಸರು ಚಲನ್ ಯಾವ ನಂಬರಿಗೆ ಬರೆಯಬೇಕು? ಅದಕ್ಕೇ ದಂಡ ಪಾಲಿಕೆಯ ಜೊತೆಗಿನ ಒಪ್ಪಂದದ ಮೂಲಕವೇ ಕಂಪನಿಯ ಮೇಲೆ ಬೀಳಬೇಕು. ಪ್ರತಿ ಗಾಡಿಯ ಮೇಲೆ ದೂರದಿಂದ ಓದುವಂಥ ದೊಡ್ಡ ಸಂಖ್ಯೆ, ಕನ್ನಡದಲ್ಲಿ ಮಾತಾಡುವವರು ಎತ್ತುವ ಫೋನ್, ದೂರು ಕೊಟ್ಟ ಮೇಲೆ ಎಷ್ಟು ಹೊತ್ತಿನಲ್ಲಿ ತೆಗೆಯಬೇಕು ಎಂಬ ಗಡುವು ಬರೆಸಿ. ಚೌಕಗಳಲ್ಲಿ ಹಿಡಿಯುವಷ್ಟೇ ಗಾಡಿ ಬಿಡಬೇಕು ಎಂದೂ ಬರೆಸಿ.

ಪ್ಯಾರಿಸ್‌ನಲ್ಲಿ 2018ರಲ್ಲಿ ನಿಂತು ಓಡಿಸುವ ಬಾಡಿಗೆ ಸ್ಕೂಟರ್‌ಗಳು ನಿಯಮಕ್ಕಿಂತ ಮುಂಚೆಯೇ ಬೀದಿಗೆ ಬಂದವು. 2023ರ ಏಪ್ರಿಲ್‌ನಲ್ಲಿ ಜನಮತ ಕೇಳಿದಾಗ ಮತ ಹಾಕಿದವರಲ್ಲಿ ಸುಮಾರು ಶೇ 89 ಮಂದಿ ಬೇಡ ಅಂದರು. ಮತ ಹಾಕಿದವರೇ ಕಡಿಮೆ, ಅದು ಬೇರೆ ಮಾತು. ಆಗಸ್ಟ್ ಮುಗಿಯುವಷ್ಟರಲ್ಲಿ ಎಲ್ಲವೂ ಖಾಲಿ.

ಆಮೇಲೆ ತಿರುಗಿ ನೋಡಿ

ಸಂಜೆ ಪೇಟೆ ತುಂಬಿದಾಗ ಒಂದು ಸುತ್ತು ಹಾಕಿ. ಒಂದೇ ಜಾಗದಲ್ಲಿ ದಿನಾ ಗಾಡಿ ಚೌಕದ ಹೊರಗೆ ನಿಲ್ಲುತ್ತಿದ್ದರೆ ತಪ್ಪು ಚೌಕದ್ದು, ಅದನ್ನೇ ಅತ್ತ ಸರಿಸಿ. ಮತ್ತೆ ಧಾರವಾಡದ ಜಿಟಿಜಿಟಿ ಮಳೆಗೆ ಬಿಳಿ ಗೆರೆ ಮಾಸುತ್ತದೆ. ಮಳೆಗಾಲ ಮುಗಿದ ಕೂಡಲೇ ಮತ್ತೆ ಹಚ್ಚುವ ಖರ್ಚನ್ನೂ ಕಂಪನಿಯ ತಲೆಗೇ ಹಾಕಿಸಿ.