ಹದಿನಾರು ಒಂದೇ, ಬರೆಯುವ ಬಗೆ ಹದಿನೈದು

ಎರಡು ವರ್ಷದ ಹಿಂದೆ ಧಾರವಾಡದಲ್ಲಿ ಗಣಿತ ಶಿಕ್ಷಕರ ತರಬೇತಿಗೆ ಹೋಗಿದ್ದೆ. ಊಟದ ಹೊತ್ತಿನಲ್ಲಿ ಹಾವೇರಿ ಕಡೆಯ ಮೇಡಂ ಒಬ್ಬರು ಒಂದು ಹಾಳೆಯ ಮೇಲೆ ಈ ಸಾಲು ಬರೆದು ನನ್ನ ಕಡೆ ಸರಿಸಿದರು:

10, 11, 12, 13, 14, 15, 16, 17, 20, 22, 24, 31, 100, ?, 10000

"ಪ್ರಶ್ನೆ ಗುರುತು ಇರೋ ಜಾಗಕ್ಕ ಏನ್ ಬರತೈತಿ ಹೇಳ್ರಿ ಸರ್. ಉತ್ತರ ಮಾತ್ರ ನನ್ನ ಕೇಳಬ್ಯಾಡ್ರಿ" ಅಂದರು.

ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ. ಸಂಜೆ ಗದಗಿನ ಬಸ್ಸಿನಲ್ಲಿ ತೆಗೆದು ಕೂತೆ. ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ, ಅಕ್ಕಪಕ್ಕದ ಸಂಖ್ಯೆಗಳನ್ನು ಕಳೆಯುವುದು. ಏಳು ಸಲ 1 ಬಂತು. ಆಮೇಲೆ 3, 2, 2, 7, ಒಮ್ಮೆಲೇ 69. ಇದರಲ್ಲಿ ಯಾವ ಲೆಕ್ಕವೂ ಕೂಡಲಿಲ್ಲ. ವರ್ಗ, ಘನ, ಅವಿಭಾಜ್ಯ, ಎಲ್ಲವನ್ನೂ ಹಚ್ಚಿ ನೋಡಿದೆ. ಬಸ್ಸು ಅಣ್ಣಿಗೇರಿ ದಾಟುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. 17 ಆದ ಮೇಲೆ 18 ಇಲ್ಲ, 19 ಇಲ್ಲ, ಸೀದಾ 20. ಇಡೀ ಸಾಲಿನಲ್ಲಿ 8, 9 ಎಂಬ ಅಂಕಿಗಳೇ ಇಲ್ಲ. ಎಂಟರ ಆಧಾರದಲ್ಲಿ ಎಣಿಸಿದರೆ ಹೀಗೇ ಆಗುತ್ತದೆ, 17ರ ನಂತರ 20 ಬರುತ್ತದೆ. ಖುಷಿಯಾಯಿತು. ಆದರೆ 20 ಆದ ಮೇಲೆ 21 ಬರಬೇಕಿತ್ತಲ್ವಾ? ಇಲ್ಲಿ 22 ಇತ್ತು. ಅಲ್ಲಿಗೆ ಅದೂ ನಿಂತಿತು.

ದೀಪಾವಳಿಗೆ ಇನ್ನು ನಾಲ್ಕು ದಿನ ಇತ್ತು. ಬೆಟಗೇರಿಯ ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಕೂತು ಲಕ್ಷ್ಮೀ ಪೂಜೆಗೆ ಇಡುವ ಹಳೇ ನಾಣ್ಯಗಳನ್ನು ಹುಣಸೆ ಹುಳಿ ಹಚ್ಚಿ ತಿಕ್ಕುತ್ತಿದ್ದಳು. ಅಜ್ಜನ ಕಿರಾಣಿ ಅಂಗಡಿಯ ಕಾಲದವು. ಅಂಚು ಹೂವಿನ ಎಸಳಿನಂತೆ ಇರುವ ಒಂದಾಣೆ. ಮೂಲೆ ದುಂಡಗಿರುವ ಚೌಕದ ಎರಡಾಣೆ. ಇವೆರಡರ ಮೇಲೂ ಗೂಳಿ. ಆಮೇಲೆ ಪಾವಲಿ, ಎಂಟಾಣೆ, ರೂಪಾಯಿ. ನಡುವೆ ತೂತು ಇರುವ ಪೈಸೆಯೂ ಒಂದಿತ್ತು. ತೊಳೆದ ನಾಣ್ಯಗಳನ್ನು ಅವ್ವ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು, ಎಡಕ್ಕೆ ರೂಪಾಯಿ, ಬಲಕ್ಕೆ ಒಂದಾಣೆ.

"ಏನ್ ತಮ್ಮಾ, ಬಂದಾಗಿಂದ ಆ ಹಾಳಿ ನೋಡಾಕತ್ತಿ?" ಅಂದಳು.

ನಾನು ಆ ಹಾಳೆ ನೋಡುವುದನ್ನು ಬಿಟ್ಟು ನಾಣ್ಯಗಳನ್ನು ನೋಡುತ್ತಿದ್ದೆ. ಐದು ನಾಣ್ಯ. ಒಂದಾಣೆ ಎರಡು ಕೂಡಿದರೆ ಎರಡಾಣೆ. ಎರಡಾಣೆ ಎರಡು ಕೂಡಿದರೆ ಪಾವಲಿ. ಪಾವಲಿ ಎರಡಕ್ಕೆ ಎಂಟಾಣೆ. ಎಂಟಾಣೆ ಎರಡಕ್ಕೆ ರೂಪಾಯಿ. ಈಗ ಕೈಯಲ್ಲಿ ಒಂದು ರೂಪಾಯಿ ಮಾತ್ರ ಇದೆ, ಚಿಲ್ಲರೆ ಏನೂ ಇಲ್ಲ ಅಂತ ಇಟ್ಟುಕೊಳ್ಳಿ. ರೂಪಾಯಿಯ ಕೆಳಗೆ 1, ಉಳಿದ ನಾಲ್ಕರ ಕೆಳಗೆ 0. ಬರೆದರೆ 10000!

"ಅವ್ವಾ, ಎಂಟಾಣೆ, ಎರಡಾಣೆ ತಗದ್ ಬಿಡು. ಬರೇ ರೂಪಾಯಿ, ಪಾವಲಿ, ಆಣೆ ಇದ್ರ?"

"ನಾಕಾಣಿಗೆ ಪಾವಲಿ, ನಾಕು ಪಾವಲಿಗೆ ರೂಪಾಯಿ. ಅದನ್ನೇನ್ ಕೇಳತಿ?"

ರೂಪಾಯಿ 1, ಪಾವಲಿ 0, ಆಣೆ 0. ಅಂದರೆ 100. ಪಾವಲಿಯನ್ನೂ ತೆಗೆದು ಬರೇ ರೂಪಾಯಿ, ಆಣೆ ಇಟ್ಟರೆ? ಹದಿನಾರಾಣೆಗೆ ಒಂದು ರೂಪಾಯಿ, ಆಣೆ ಸೊನ್ನೆ. ಅಂದರೆ 10. ಸಾಲಿನ ಮೊದಲನೆಯದು, ಕೊನೆಯದು, ನಡುವಿನ 100, ಮೂರೂ ಒಂದೇ ರೂಪಾಯಿ. ಸಾಲಿನಲ್ಲಿ ಇದ್ದದ್ದು ಹದಿನೈದು ಬೇರೆ ಸಂಖ್ಯೆಗಳಲ್ಲ. ಹದಿನಾರನ್ನೇ ಹದಿನೈದು ಬಗೆಯಲ್ಲಿ ಬರೆದಿದ್ದರು. ಮೊದಲು ಹದಿನಾರರ ಕಟ್ಟು, ಆಮೇಲೆ ಹದಿನೈದರ ಕಟ್ಟು, ಹೀಗೆ ಇಳಿಯುತ್ತಾ ಕೊನೆಗೆ ಎರಡರ ಕಟ್ಟು.

ಆಮೇಲೆ ಉಳಿದವೂ ಒಂದೊಂದಾಗಿ ಮುಖ ತೋರಿಸಿದವು. 14 ಅಂದರೆ ಹನ್ನೆರಡರ ಕಟ್ಟು. ಹದಿನಾರು ಬಾಳೆಹಣ್ಣು ಎಣಿಸಿದರೆ ಒಂದು ಡಜನ್, ಮೇಲೆ ನಾಲ್ಕು. 22 ಅಂದರೆ ಏಳರ ಕಟ್ಟು. ಹದಿನಾರು ದಿನ ಅಂದರೆ ಎರಡು ವಾರ, ಎರಡು ದಿನ. ಇದನ್ನೆಲ್ಲ ನಾವು ದಿನಾ ಮಾಡುತ್ತೇವೆ, ಸುಮ್ನೆ ಅಂಕಿಯಲ್ಲಿ ಬರೆಯುವುದಿಲ್ಲ ಅಷ್ಟೇ.

ಪ್ರಶ್ನೆ ಗುರುತು ಇದ್ದದ್ದು ಮೂರರ ಕಟ್ಟಿನ ಜಾಗದಲ್ಲಿ. ಅದಕ್ಕೆ ನಾಣ್ಯ ಇಲ್ಲ. ಅವ್ವ ಹುಣಸೆಯಿಂದ ತೆಗೆದಿಟ್ಟ ಬೀಜಗಳು ಪಕ್ಕದಲ್ಲೇ ಇದ್ದವು. ಹದಿನಾರು ಎಣಿಸಿಕೊಂಡೆ. ಮೂರು ಬೀಜಕ್ಕೆ ಒಂದು ಗುಂಪು, ಐದು ಗುಂಪಾದವು, ಒಂದು ಬೀಜ ಉಳಿಯಿತು. ಈಗ ಮೂರು ಗುಂಪಿಗೆ ಒಂದು ದೊಡ್ಡ ಗುಂಪು. ಒಂದು ದೊಡ್ಡದು ಆಯಿತು, ಎರಡು ಸಣ್ಣವು ಉಳಿದವು. ದೊಡ್ಡದು 1, ಸಣ್ಣದು 2, ಬಿಡಿ 1. ಉತ್ತರ 121. ರಾತ್ರಿಯೇ ಮೇಡಂಗೆ ಫೋನ್ ಮಾಡಿ ಹೇಳಿದೆ.

ನನಗೆ ಇದು ಇಷ್ಟು ಹಿಡಿಸಿದ್ದಕ್ಕೆ ಆ ಹದಿನಾರೇ ಕಾರಣ. ಹದಿನಾರನ್ನು ಅರ್ಧ ಮಾಡುತ್ತಾ ಹೋಗಿ. ಎಂಟು, ನಾಲ್ಕು, ಎರಡು, ಒಂದು. ನಾಲ್ಕು ಸಲವೂ ಪೂರ್ತಿ ಸಂಖ್ಯೆಯೇ ಬರುತ್ತದೆ. ನೂರನ್ನು ಅರ್ಧ ಮಾಡಿ ನೋಡಿ. ಐವತ್ತು, ಇಪ್ಪತ್ತೈದು, ಅಲ್ಲಿಗೆ ಮುಗಿಯಿತು, ಮುಂದೆ ಹನ್ನೆರಡೂವರೆ. ತಕ್ಕಡಿ ಹಿಡಿದು ವ್ಯಾಪಾರ ಮಾಡುವವನಿಗೆ ಎಲ್ಲಕ್ಕಿಂತ ಸುಲಭದ ಕೆಲಸ ಅಂದರೆ ಇದ್ದದ್ದನ್ನು ಎರಡು ಸಮಪಾಲು ಮಾಡುವುದು. ಅದಕ್ಕೇ ತೂಕದಲ್ಲೂ ಇದೇ ಇತ್ತು. ಸೇರು, ಅಚ್ಛೇರು, ಪಾವಶೇರು, ಅದಪಾವು, ಛಟಾಕು. ಹದಿನಾರು ಛಟಾಕಿಗೆ ಒಂದು ಸೇರು. ಇದಕ್ಕೂ ಹಿಂದೆ ಹೋದರೆ ವೀಸ ಇದೆ. ವೀಸ ಅಂದರೆ ಹದಿನಾರನೇ ಒಂದು ಪಾಲು, ಕಾಲಿನ ಕಾಲು. ನಮ್ಮ ಗದಗಿಗೆ ಸುಮಾರು 12 ಕಿಲೋಮೀಟರು ದೂರದ ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ಅಂತ ನಾಣ್ಯಕ್ಕೇ ಆ ಊರಿನ ಹಳೇ ಹೆಸರಿತ್ತು. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಗುಡಿಗಳ ಜೊತೆ ಗದ್ಯಾಣ, ಹಣ, ವೀಸದ ಕತೆಯನ್ನೂ ಹೇಳುತ್ತೇನೆ.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಆಯಿತು. ಆಗ ಒಂದಾಣೆಗೆ ಆರೂಕಾಲು ಪೈಸೆ ಬರಬೇಕು. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರೋದು? ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಕೋಷ್ಟಕ ಮಾಡಿದರು. ಒಂದೊಂದಾಣೆ ಬೇರೆ ಬೇರೆಯಾಗಿ ಮೂರು ಸಲ ಕೊಟ್ಟರೆ 18, ಒಮ್ಮೆಲೇ ಕೊಟ್ಟರೆ 19. ಅಂಗಡಿಯಲ್ಲಿ ಈ ಒಂದು ಪೈಸೆಗೆ ದಿನಾ ಮಾತು ಬೆಳೆಯುತ್ತಿತ್ತು ಅಂತ ಅವ್ವ ಈಗಲೂ ಹೇಳುತ್ತಾಳೆ. 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಯಿತು. ಆದರೂ ನಾಲ್ಕಾಣೆ, ಎಂಟಾಣೆ ಎಂಬ ಮಾತು ನಮ್ಮ ಬಾಯಿಂದ ಹೋಗಿಲ್ಲ. ಇವತ್ತಿಗೂ ಒಂದು ಮಾತು ಪೂರ್ತಿ ನಿಜ ಅನ್ನಬೇಕಾದರೆ ಹದಿನಾರಾಣೆ ಖರೆ ಅಂತೇವೆ.

ಹಬ್ಬದ ರಜೆ ಮುಗಿದ ಮೇಲೆ ಶನಿವಾರದ ಬೆಳಗಿನ ಶಾಲೆಯಲ್ಲಿ ಎಂಟನೇ ತರಗತಿಗೆ ಇದನ್ನು ತೆಗೆದುಕೊಂಡೆ. ಅಲ್ಲೊಂದು ತಪ್ಪು ಮಾಡಿದೆ. ಬೋರ್ಡಿನ ಮೇಲೆ ಸೀದಾ ಭಾಗಾಕಾರ ಹಾಕಿದೆ. ಐದರಿಂದ ಭಾಗಿಸಿ, ಶೇಷ ಬರೆಯಿರಿ, ಮತ್ತೆ ಭಾಗಿಸಿ, ಶೇಷಗಳನ್ನು ಕೆಳಗಿಂದ ಮೇಲೆ ಓದಿರಿ. ಮಕ್ಕಳು ಬರೆದುಕೊಂಡರು. ಉತ್ತರವೂ ಸರಿ ಬಂತು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಯಾಕೆ ಕೆಳಗಿಂದ ಮೇಲೆ ಓದಬೇಕು ಅಂತ ಒಬ್ಬರೂ ಕೇಳಲಿಲ್ಲ. ಕೇಳದೇ ಇದ್ದಾಗಲೇ ಗೊತ್ತಾಗಬೇಕು, ಅವರಿಗೆ ಇದು ಬರೇ ಬರೆಯುವ ಕೆಲಸ ಆಗಿದೆ ಅಂತ.

ಮುಂದಿನ ಶನಿವಾರ ಎರಡು ಸೇರಿನಷ್ಟು ಹುಣಸೆ ಬೀಜ ಒಯ್ದೆ. ಗುಂಪಿಗೆ ಹದಿನಾರು ಬೀಜ ಕೊಟ್ಟೆ. ಒಂದು ಗುಂಪು ಮೂರರ ಕಟ್ಟು ಮಾಡಬೇಕು, ಇನ್ನೊಂದು ಐದರದ್ದು, ಮತ್ತೊಂದು ಆರರದ್ದು. ಹಳೇ ಪೇಪರಿನ ಪುಡಿಕೆ ಕಟ್ಟಿದರು. ಐದರ ಗುಂಪಿನಲ್ಲಿ ಮೂರು ಪುಡಿಕೆ ಆಗಿ ಒಂದು ಬೀಜ ಉಳಿಯಿತು. 31 ಅಂತ ಬರೆದರು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

"ಸರ್, ಬೀಜ ಹದಿನಾರ ಅದಾವು. ಇವರು ಮೂವತ್ತೊಂದು ಹೆಂಗ ಬರದಾರ್ರೀ?"

ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ. ಗಂಟು ಇರುವುದು ಬರೆದದ್ದರಲ್ಲಿ ಅಲ್ಲ, ಓದಿದ್ದರಲ್ಲಿ. ನಮ್ಮ ಬಾಯಿಯೇ ಹತ್ತರ ಕಟ್ಟಿನದು. ಇಪ್ಪತ್ತು ಅಂದರೆ ಎರಡು ಪತ್ತು, ಪತ್ತು ಅಂದರೆ ಹಳಗನ್ನಡದ ಹತ್ತು. ಮೂವತ್ತು ಅಂದರೆ ಮೂರು ಪತ್ತು. ನಲವತ್ತು, ಐವತ್ತು, ಅರವತ್ತು, ಎಲ್ಲದರ ಹೊಟ್ಟೆಯಲ್ಲೂ ಅದೇ ಹತ್ತು. ಹದಿನಾರು ಅಂದರೂ ಹತ್ತು ಮತ್ತು ಆರು. ಐದೈದರ ಪುಡಿಕೆ ಕಟ್ಟಿದ ಮೇಲೆ ಅದನ್ನು ಮೂವತ್ತೊಂದು ಅಂದರೆ, ಪುಡಿಕೆಯಲ್ಲಿ ಇಲ್ಲದ ಹತ್ತನ್ನು ನಾವೇ ತುರುಕಿದ ಹಾಗೆ. ಅದನ್ನು "ಮೂರು, ಒಂದು" ಅಂತ ಓದಬೇಕು. ಮೂರು ಪುಡಿಕೆ, ಒಂದು ಬಿಡಿ. ಅವತ್ತಿನಿಂದ ತರಗತಿಯಲ್ಲಿ ಒಂದು ನಿಯಮ ಮಾಡಿದೆವು. ಕಟ್ಟು ಹತ್ತರದ್ದು ಅಲ್ಲದಿದ್ದರೆ ಅಂಕಿಗಳನ್ನು ಬಿಡಿಬಿಡಿಯಾಗಿಯೇ ಓದಬೇಕು. ಈ ಒಂದು ನಿಯಮದಿಂದ ಆದ ಉಪಯೋಗ ಭಾಗಾಕಾರದಿಂದ ಆಗಿರಲಿಲ್ಲ. ಮಕ್ಕಳಿಗೆ ಈ ಪಾಠ ಮಾಡುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ.

ಕೆಳಗಿಂದ ಮೇಲೆ ಯಾಕೆ ಓದಬೇಕು ಅನ್ನುವುದೂ ಪುಡಿಕೆಯಲ್ಲೇ ಸಿಕ್ಕಿತು. ಮೊದಲು ಉಳಿಯುವುದು ಬಿಡಿ ಬೀಜ, ಅದು ಬಲತುದಿಗೆ ಹೋಗಬೇಕು. ದೊಡ್ಡ ಕಟ್ಟು ಕೊನೆಗೆ ಆಗುತ್ತದೆ, ಅದು ಎಡಕ್ಕೆ.

ಅವ್ವನ ನಾಣ್ಯಗಳನ್ನು ಮೂರನೇ ಶನಿವಾರ ಒಯ್ದೆ. ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿ, "ಎಣಿಸಿ ಕೊಟ್ಟೀನಿ, ಎಣಿಸಿ ತಗೋತೀನಿ" ಅಂತ ಹೇಳಿಯೇ ಕೊಟ್ಟಿದ್ದಳು. ಮೇಜಿನ ಮೇಲೆ ಎಂಟಾಣೆ, ಪಾವಲಿ, ಎರಡಾಣೆ, ಒಂದಾಣೆ, ಒಂದೊಂದೇ ಇಟ್ಟೆ. ಕೂಡಿದರೆ ಹದಿನೈದಾಣೆ, ಬರೆದರೆ 1111. ಈಗ ಒಬ್ಬ ಹುಡುಗಿಯ ಕೈಗೆ ಇನ್ನೊಂದು ಒಂದಾಣೆ ಕೊಟ್ಟು ಸಾಲಿಗೆ ಸೇರಿಸಲು ಹೇಳಿದೆ. ಒಂದು ಜಾಗದಲ್ಲಿ ಒಂದೇ ನಾಣ್ಯ ಇರಬೇಕು ಅನ್ನುವುದು ನಿಯಮ. ಅವಳು ಎರಡು ಒಂದಾಣೆ ತೆಗೆದು ಎರಡಾಣೆ ಇಟ್ಟಳು. ಅಲ್ಲಿ ಎರಡಾದವು. ಅವನ್ನು ತೆಗೆದು ಪಾವಲಿ. ಅಲ್ಲೂ ಎರಡಾದವು. ತೆಗೆದು ಎಂಟಾಣೆ. ಅಲ್ಲೂ ಎರಡು. ಕೊನೆಗೆ ಎರಡೂ ಎಂಟಾಣೆ ತೆಗೆದು ಒಂದೇ ಒಂದು ರೂಪಾಯಿ ಇಟ್ಟಳು. ಮೇಜು ಪೂರ್ತಿ ಖಾಲಿ, ಎಡತುದಿಯಲ್ಲಿ ರೂಪಾಯಿ ಮಾತ್ರ. ಮಕ್ಕಳು ಒಟ್ಟಿಗೆ "ಒಂದು, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ" ಅಂತ ಓದಿದರು. ನಾವು ದಶಕ ಅಂತ ಕಲಿಸುವುದು ಇದನ್ನೇ. 999ಕ್ಕೆ ಒಂದು ಕೂಡಿಸಿದಾಗ ಆಗುವುದೂ ಇದೇ. ಕಂಪ್ಯೂಟರ್ ಒಳಗೆ ಕೂಡುವ ಲೆಕ್ಕ ನಡೆಯುವುದೂ ಹೀಗೆಯೇ, ಅಲ್ಲಿ ನಾಣ್ಯದ ಬದಲು ಕರೆಂಟು.

ಹದಿನಾರರ ಕಟ್ಟು ಕಂಪ್ಯೂಟರಿನವರಿಗೂ ಬೇಕು. ಎರಡರ ಕಟ್ಟಿನ ನಾಲ್ಕು ಅಂಕಿಗಳನ್ನು ಅವರು ಹದಿನಾರರ ಕಟ್ಟಿನ ಒಂದೇ ಗುರುತಿನಲ್ಲಿ ಬರೆಯುತ್ತಾರೆ. ಹತ್ತರಿಂದ ಹದಿನೈದರವರೆಗೆ ಒಂದೇ ಅಂಕಿ ಬೇಕಲ್ವಾ, ಅದಕ್ಕೆ ಎ, ಬಿ, ಸಿ, ಡಿ, ಇ, ಎಫ್ ಬಳಸುತ್ತಾರೆ. ನಮ್ಮ ಸಾಲಿನಲ್ಲಿ ಆ ಅಕ್ಷರಗಳು ಬರಲಿಲ್ಲ, ಯಾಕೆಂದರೆ ಅಲ್ಲಿ ಹತ್ತಕ್ಕಿಂತ ದೊಡ್ಡ ಕಟ್ಟು ಬಂದಾಗಲೆಲ್ಲ ಉಳಿದ ಬಿಡಿ ಐದಕ್ಕಿಂತ ಜಾಸ್ತಿ ಆಗಲೇ ಇಲ್ಲ.

ಅದೇ ಹಿಂದಿನ ಬೆಂಚಿನ ಹುಡುಗ ಮತ್ತೆ ಎದ್ದ. "ಸರ್, ಎರಡಕ್ಕ ಯಾಕ ನಿಂತೀರಿ? ಒಂದರ ಕಟ್ಟು ಮಾಡಿದ್ರ?" ಒಂದರ ಕಟ್ಟು ಅಂದರೆ ಕಟ್ಟೇ ಇಲ್ಲ. ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೆರೆ ಎಳೆಯುತ್ತಾರಲ್ಲ, ಹಾಗೆ ಹದಿನಾರು ಗೆರೆ. ಅಲ್ಲಿ ಸ್ಥಾನಕ್ಕೆ ಬೆಲೆ ಇಲ್ಲ, ಸೊನ್ನೆಗೂ ಕೆಲಸ ಇಲ್ಲ. ಅವನೇ ಬಂದು ಬೋರ್ಡಿನ ಮೇಲೆ 10000ದ ಪಕ್ಕ ಹದಿನಾರು ಗೆರೆ ಎಳೆದ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ವಾರದ ಮೇಲೆ ನಾಣ್ಯ ಇಟ್ಟ ಆ ಹುಡುಗಿ ತಾನೇ ಒಂದು ಸಾಲು ಮಾಡಿಕೊಂಡು ಬಂದಳು: 10, 11, 12, 13, 14, 15, 20, ?, 30, 110, 1100. ಹನ್ನೆರಡನ್ನು ಹನ್ನೆರಡರಿಂದ ಎರಡರವರೆಗೆ ಇಳಿಸಿದ್ದಳು. ಐದರ ಕಟ್ಟಿನ 22 ಬಚ್ಚಿಟ್ಟು ಒಂಬತ್ತನೆಯವರಿಗೆ ಕೊಟ್ಟಳು. ಆಮೇಲೆ ಇದು ರೂಢಿಯೇ ಆಯಿತು. ಪ್ರತಿ ಶನಿವಾರ ಯಾರಾದರೂ ಒಬ್ಬರು ಬೋರ್ಡಿನ ಮೂಲೆಯಲ್ಲಿ ಒಂದು ಸಾಲು ಬರೆಯುತ್ತಾರೆ. ಈ ವಾರದ್ದು ಸಮಸಂಖ್ಯೆಗಳ ಹಾಗೆ ಶುರುವಾಗುತ್ತದೆ, ಎಲ್ಲರನ್ನೂ ಅದೇ ದಾರಿ ತಪ್ಪಿಸುತ್ತಿದೆ:

20, 22, 24, 26, 32, 40, ?, 202, 10100

ಹುಣಸೆ ಬೀಜ ಇಟ್ಟುಕೊಂಡು ಕೂತರೆ ಬೇಗ ಆಗುತ್ತದೆ.