ಬಾಡಿಗೆಗೆ ಓಡುವ ಟ್ರ್ಯಾಕ್ಟರ್, ಕಟಾವು ಯಂತ್ರ: ಸವಕಳಿ ಲೆಕ್ಕ ಹಾಕುವುದು ಹೇಗೆ?

ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಕೊಯ್ಲು ಶುರುವಾಯಿತೆಂದರೆ ಮಲೇಬೆನ್ನೂರು, ಹೊನ್ನಾಳಿ, ಹರಿಹರದ ಸುತ್ತ ಕಟಾವು ಯಂತ್ರಗಳಿಗೆ ರಾತ್ರಿಯೂ ಬಿಡುವಿಲ್ಲ. ಸಾಲ ಮಾಡಿ ಯಂತ್ರ ಕೊಂಡು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ರೈತರು ಇಲ್ಲಿ ಇದ್ದಾರೆ. ಆ ಬಾಡಿಗೆ ಹಣ ಕೃಷಿ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲ, ಅದು ವ್ಯಾಪಾರದ ಆದಾಯ. ತೆರಿಗೆ ಮಿತಿ ದಾಟಿದರೆ ವಿವರ ಸಲ್ಲಿಸಬೇಕು. ಆಗ ಡೀಸೆಲ್, ಚಾಲಕನ ಸಂಬಳ, ರಿಪೇರಿ, ಸಾಲದ ಬಡ್ಡಿಯ ಜೊತೆಗೆ ಕಳೆಯಲು ಸಿಗುವ ದೊಡ್ಡ ಬಾಬ್ತು ಸವಕಳಿ, ಅಂದರೆ ಬಳಸುತ್ತ ಯಂತ್ರ ಸವೆದು ಬೆಲೆ ಇಳಿಯುವುದಕ್ಕೆಂದು ವರ್ಷವರ್ಷ ಕಳೆಯುವ ಮೊತ್ತ. ಇದನ್ನು ಎಷ್ಟೋ ಮಂದಿ ಬಿಟ್ಟೇ ಬಿಡುತ್ತಾರೆ. ಬಿಟ್ಟರೂ ಕಾಯ್ದೆ ಬಿಡುವುದಿಲ್ಲ: ನೀವು ಕೇಳಿದರೂ ಕೇಳದಿದ್ದರೂ ಆ ವರ್ಷದ ಸವಕಳಿ ಪಡೆದಿದ್ದೀರಿ ಎಂದೇ ಲೆಕ್ಕ.

ಕೆಳಗಿನ ದರಗಳು 1961ರ ಆದಾಯ ತೆರಿಗೆ ಕಾಯ್ದೆ ಮತ್ತು ಅದರ ನಿಯಮಗಳವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯ. ಅದರಲ್ಲಿ ಕಲಂಗಳ ಸಂಖ್ಯೆ ಬೇರೆಯಾದ್ದರಿಂದ ಇಲ್ಲಿ ಸಂಖ್ಯೆಗಳ ಗೋಜಿಗೆ ಹೋಗಿಲ್ಲ.

ಮೊದಲು ಹೊಲ ಯಾರದು ನೋಡಿ

ದರ ಎಷ್ಟು ಎಂದು ಕೇಳುವ ಮುಂಚೆ ಯಂತ್ರ ಯಾರ ಹೊಲದಲ್ಲಿ ದುಡಿಯಿತು ಎಂಬುದು ಇತ್ಯರ್ಥವಾಗಬೇಕು. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಸ್ವಂತ ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಸ್ವಂತ ಹೊಲದ ಉಳುಮೆಗೆ ಸವಕಳಿ ಕಳೆಯುವ ಮಾತೂ ಇಲ್ಲ. ಒಂದೇ ಟ್ರ್ಯಾಕ್ಟರ್ ಎರಡೂ ಕಡೆ ದುಡಿದರೆ ಬಾಡಿಗೆಯ ಪಾಲಿಗಷ್ಟೇ ಸವಕಳಿ. 9 ಲಕ್ಷ ರೂಪಾಯಿಯ ಟ್ರ್ಯಾಕ್ಟರಿಗೆ ಶೇ 15ರಂತೆ 1,35,000 ರೂಪಾಯಿ ಬರುತ್ತದೆ. ಶೇ 60ರಷ್ಟು ಓಟ ಬಾಡಿಗೆಯದಾದರೆ ಕಳೆಯಲು ಸಿಗುವುದು 81,000.

ಆ ಶೇ 60 ಎಲ್ಲಿಂದ ಬಂತು ಎಂದು ಕೇಳಿದರೆ ತೋರಿಸಲು ಏನಾದರೂ ಇರಬೇಕು. ಟ್ರ್ಯಾಕ್ಟರಿನ ಡ್ಯಾಶ್‌ಬೋರ್ಡಿನಲ್ಲೇ ಗಂಟೆ ತೋರಿಸುವ ಮೀಟರ್ ಇದೆ. ಸೀಟಿನ ಪಕ್ಕದ ಡಬ್ಬಿಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ತಾರೀಖು, ಯಾರ ಹೊಲ, ಕೆಲಸ ಶುರುವಾದಾಗ ಮೀಟರ್ ಎಷ್ಟು, ಮುಗಿದಾಗ ಎಷ್ಟು, ಬಾಡಿಗೆ ಎಷ್ಟು ಬಂತು ಎಂದು ಚಾಲಕನೇ ಬರೆಯಲಿ. ಸ್ವಂತ ಹೊಲದ ಗಂಟೆಗಳನ್ನೂ ಬರೆಯಬೇಕು, ಇಲ್ಲದಿದ್ದರೆ ಪಾಲು ಲೆಕ್ಕ ಸಿಗುವುದಿಲ್ಲ. ಗ್ರೀಸು ಮೆತ್ತಿದ ಈ ಪುಸ್ತಕಕ್ಕೆ, ಮಾರ್ಚ್ ಕೊನೆಗೆ ಕೂತು ಒಂದೇ ಪೆನ್ನಿನಲ್ಲಿ ಬರೆದ ಅಚ್ಚುಕಟ್ಟಾದ ಪಟ್ಟಿಗಿಂತ ಹೆಚ್ಚು ಬೆಲೆ.

ಚನ್ನಗಿರಿ ಕಡೆಯವರಿಗೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಸ್ವಂತ ತೋಟದ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಮಾರುಕಟ್ಟೆಗೆ ಹದಮಾಡುವುದು ಕೃಷಿಯ ಭಾಗವೇ. ಬೇರೆಯವರ ತೋಟ ಖೇಣಿ (ಫಸಲಿನ ಗುತ್ತಿಗೆ) ಹಿಡಿದು ಹಸಿ ಅಡಿಕೆ ಕೊಂಡು ಅದನ್ನೇ ಮಾಡಿದರೆ ವ್ಯಾಪಾರ. ಸುಲಿಯುವ ಯಂತ್ರ ಒಂದೇ, ಲೆಕ್ಕ ಎರಡು.

ಹೈನುಗಾರಿಕೆ, ಕೋಳಿ ಸಾಕಣೆಯ ಆದಾಯವೂ ವ್ಯಾಪಾರದ್ದೇ. ಕೊಟ್ಟಿಗೆಗೆ ಸವಕಳಿ ಉಂಟು, ಹಸುವಿಗೆ ಇಲ್ಲ. ಆದರೆ ಹಾಲಿಗಾಗಿ ಸಾಕಿದ ಹಸು ಸತ್ತರೆ ಅಥವಾ ಕೆಲಸಕ್ಕೆ ಬಾರದಂತಾದರೆ, ಕೊಂಡ ಬೆಲೆಯಲ್ಲಿ ಅದರಿಂದ ಬಂದ ಹಣ ಕಳೆದು ಉಳಿದದ್ದನ್ನು ಆ ವರ್ಷದ ಆದಾಯದಲ್ಲಿ ಕಳೆಯಬಹುದು. ಜಮೀನಿಗಂತೂ ಸವಕಳಿಯೇ ಇಲ್ಲ.

ಯಂತ್ರದ ಬೆಲೆ ಯಾವುದು?

ಬಿಲ್ಲಿನಲ್ಲಿರುವ ಮೊತ್ತವೇ ಬೆಲೆ ಎಂದುಕೊಳ್ಳಬೇಡಿ. ಸಹಾಯಧನ ಸಿಕ್ಕಿದ್ದರೆ ಅದನ್ನು ಮೊದಲು ಕಳೆಯಬೇಕು. 25 ಲಕ್ಷದ ಕಟಾವು ಯಂತ್ರಕ್ಕೆ 8 ಲಕ್ಷ ಸಹಾಯಧನ ಬಂದರೆ ಸವಕಳಿ ಲೆಕ್ಕಕ್ಕೆ ಬೆಲೆ 17 ಲಕ್ಷ. ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳುವುದು) ಪಡೆಯದಿದ್ದರೆ ಜಿಎಸ್‌ಟಿಯನ್ನೂ ಬೆಲೆಗೆ ಸೇರಿಸಿ. ಯಂತ್ರ ಕೆಲಸಕ್ಕೆ ಇಳಿಯುವ ತನಕದ ಸಾಲದ ಬಡ್ಡಿಯೂ ಬೆಲೆಯೊಳಗೆ ಸೇರುತ್ತದೆ, ನಂತರದ ಬಡ್ಡಿ ಬೇರೆ ಖರ್ಚು.

ನಮ್ಮವರು ಹೆಚ್ಚು ಎಡವುವುದು ನಗದಿನಲ್ಲಿ. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಹಣ ಬೆಲೆಯ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದ ಊರಿನವರ ಹಳೆಯ ಟ್ರ್ಯಾಕ್ಟರನ್ನು 4 ಲಕ್ಷದ ನೋಟು ಎಣಿಸಿಕೊಟ್ಟು ತಂದರೆ ತೆರಿಗೆಯ ಕಣ್ಣಿನಲ್ಲಿ ಅದರ ಬೆಲೆ ಸೊನ್ನೆ. ಅಕೌಂಟ್ ಪೇಯಿ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕವೇ ಕೊಡಿ.

ದರ, ದಿನ

ಯಂತ್ರೋಪಕರಣಗಳಿಗೆ ಸಾಮಾನ್ಯ ದರ ಶೇ 15. ಗೋದಾಮು, ಶೆಡ್ಡಿನಂಥ ಕಟ್ಟಡಕ್ಕೆ ಶೇ 10. ಸೌರ ಪಂಪು, ಬೆಳೆ ಒಣಗಿಸುವ ಸೌರ ಡ್ರೈಯರ್‌ಗೆ ಶೇ 40. ಬಾಡಿಗೆಗೆ ಓಡಿಸುವ ಲಾರಿಗೆ ಶೇ 30 ಇದೆ. ಕಟಾವು ಯಂತ್ರದ ಹೆಸರು ಆ ಸಾಲಿನಲ್ಲಿಲ್ಲ, ಶೇ 15ರಲ್ಲೇ ಇರಿ. ಪ್ರತಿ ವರ್ಷ ಹಿಂದಿನ ಸವಕಳಿ ಕಳೆದು ಉಳಿದ ಮೌಲ್ಯದ ಮೇಲೆ ಈ ದರ.

ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ ದರ. ಅಂದರೆ ಸಾಮಾನ್ಯ ವರ್ಷದಲ್ಲಿ ಅಕ್ಟೋಬರ್ 3ರೊಳಗೆ ಯಂತ್ರ ಕೆಲಸಕ್ಕೆ ಇಳಿದಿರಬೇಕು. ಎಣಿಕೆ ಶುರುವಾಗುವುದು ಬಳಕೆಯಿಂದ, ಬಿಲ್ಲಿನ ತಾರೀಖಿನಿಂದಲ್ಲ. ಮುಂಗಾರು ಭತ್ತದ ಕೊಯ್ಲಿಗೆಂದು ನವೆಂಬರಿನಲ್ಲಿ ಇಳಿದ ಆ 17 ಲಕ್ಷದ ಯಂತ್ರಕ್ಕೆ ಮೊದಲ ವರ್ಷ 1,27,500, ಮರುವರ್ಷ ಉಳಿದ 15,72,500ರ ಮೇಲೆ 2,35,875. ಮಾರ್ಚಿನಲ್ಲಿ ಕೊಂಡು ಬೇಸಿಗೆ ಬೆಳೆಗೆ ಏಪ್ರಿಲ್‌ನಲ್ಲಿ ಹೊಲಕ್ಕಿಳಿಸಿದರೆ ಹಳೆಯ ವರ್ಷಕ್ಕೆ ಏನೂ ಇಲ್ಲ; ಹೊಸ ವರ್ಷಕ್ಕೆ ಪೂರ್ತಿ ದರ.

ವಿಶೇಷ ಸವಕಳಿ ಯಾರಿಗೆ?

ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ತೆಗೆಯುವವರು, ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವವರು ಇಲ್ಲಿ ಕಿವಿಗೊಡಿ. ವಸ್ತು ತಯಾರಿಸುವ ಉದ್ಯಮಕ್ಕೆ ಹೊಚ್ಚ ಹೊಸ ಯಂತ್ರ ಹಾಕಿದರೆ ಮೊದಲ ವರ್ಷ ಹೆಚ್ಚುವರಿ ಶೇ 20 ಸವಕಳಿ ಇದೆ. 10 ಲಕ್ಷದ ಎಣ್ಣೆ ಯಂತ್ರಕ್ಕೆ 15 ಮತ್ತು 20 ಸೇರಿ 3,50,000. 180 ದಿನ ತುಂಬದಿದ್ದರೆ 1,75,000, ಹೆಚ್ಚುವರಿಯ ಉಳಿದರ್ಧ ಮರುವರ್ಷಕ್ಕೆ. ಬೇರೆಯವರು ಬಳಸಿದ ಯಂತ್ರಕ್ಕೆ, ವಾಹನಕ್ಕೆ, ಕಚೇರಿ ಸಾಮಾನಿಗೆ ಇದು ಸಿಗದು. ಕಟಾವು ಬಾಡಿಗೆ ತಯಾರಿಕೆ ಅಲ್ಲ, ಅದಕ್ಕೂ ಸಿಗದು. ಕೃಷಿ ಉತ್ಪನ್ನದ ಗೋದಾಮು ಅಥವಾ ಶೀತಲ ಸರಪಳಿ (ಮಾಲು ಕೆಡದಂತೆ ತಣ್ಣಗೆ ಕಾಪಿಡುವ ವ್ಯವಸ್ಥೆ) ಹೊಸದಾಗಿ ಕಟ್ಟುವವರಿಗೆ, ಷರತ್ತುಗಳಿಗೆ ಒಳಪಟ್ಟರೆ, ಜಮೀನಿನ ಬೆಲೆ ಬಿಟ್ಟು ಬಂಡವಾಳ ವೆಚ್ಚವನ್ನೆಲ್ಲ ಒಂದೇ ವರ್ಷ ಕಳೆಯುವ ಅವಕಾಶವೂ ಇದೆ.

ತೊಡಕು ಒಂದೇ: ಇವೆರಡೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ನೀವು ಏನೂ ಆರಿಸದಿದ್ದರೆ, ದರ ಕಡಿಮೆ, ಕಡಿತಗಳೂ ಕಡಿಮೆ ಇರುವ ಹೊಸ ಪದ್ಧತಿಗೆ ಸೇರಿರುತ್ತೀರಿ. ವ್ಯಾಪಾರದ ಆದಾಯ ಇರುವವರು ಹಳೆಯದಕ್ಕೆ ಹೋಗಿ ಮರಳಿ ಬಂದ ಮೇಲೆ ಮತ್ತೆ ಹೋಗುವಂತಿಲ್ಲ. ಹಾಗಾಗಿ ದೊಡ್ಡ ಯಂತ್ರ ಕೊಳ್ಳುವ ವರ್ಷವೇ ಎರಡೂ ಲೆಕ್ಕ ಹಾಕಿಸಿ ನೋಡುವುದು ಜಾಣತನ. ವಹಿವಾಟಿನ ಶೇ 6 ಅಥವಾ 8ನ್ನು ಲಾಭವೆಂದು ತೋರಿಸುವ ಅಂದಾಜು ಪದ್ಧತಿ ಹಿಡಿದವರಿಗೆ ಸವಕಳಿ ಅದರೊಳಗೇ ಮುಗಿಯಿತು, ಬೇರೆ ಕೇಳುವಂತಿಲ್ಲ.

ಲಾಭಕ್ಕಿಂತ ಸವಕಳಿ ಹೆಚ್ಚಾದರೆ ಹೊಂದಾಣಿಕೆಯಾಗದ ಭಾಗ ಮುಂದಿನ ವರ್ಷಗಳಿಗೆ ಹೋಗುತ್ತದೆ, ಇಷ್ಟೇ ವರ್ಷ ಎಂಬ ಮಿತಿ ಇಲ್ಲ.

ಮಾರುವಾಗ

ಬಾಡಿಗೆಗಷ್ಟೇ ಇಟ್ಟಿದ್ದ ಟ್ರ್ಯಾಕ್ಟರಿನ ಉಳಿದ ಮೌಲ್ಯ ಪುಸ್ತಕದಲ್ಲಿ 2,80,000, ಮಾರಿದ್ದು 3,60,000ಕ್ಕೆ ಎಂದುಕೊಳ್ಳಿ. ಒಂದೇ ದರದ ಯಂತ್ರಗಳನ್ನೆಲ್ಲ ತೆರಿಗೆ ಲೆಕ್ಕದಲ್ಲಿ ಒಂದು ಗುಂಪೆಂದು ನೋಡುತ್ತಾರೆ. ಆ ಗುಂಪಿನಲ್ಲಿ ಬೇರೆ ಯಂತ್ರ ಇಲ್ಲದಿದ್ದರೆ ಆ 80,000 ಅಲ್ಪಾವಧಿ ಬಂಡವಾಳ ಲಾಭ, ಅದಕ್ಕೆ ತೆರಿಗೆ ಬೀಳುತ್ತದೆ. ಅದೇ ವರ್ಷ ಮಾರ್ಚ್ 31ರೊಳಗೆ 9 ಲಕ್ಷದ ಹೊಸ ಟ್ರ್ಯಾಕ್ಟರ್ ಕೊಂಡರೆ 2,80,000ಕ್ಕೆ ಅದನ್ನು ಸೇರಿಸಿ ಮಾರಿದ 3,60,000 ಕಳೆದಾಗ ಗುಂಪಿನ ಮೌಲ್ಯ 8,20,000 ಆಗುತ್ತದೆ, ಲಾಭದ ಪ್ರಶ್ನೆಯೇ ಏಳುವುದಿಲ್ಲ. ಹಳೆಯದನ್ನು ಮಾರ್ಚಿನಲ್ಲಿ ಕೊಟ್ಟು ಹೊಸದನ್ನು ಯುಗಾದಿಯ ನಂತರ ತರುವ ಯೋಚನೆ ಇದ್ದರೆ, ಮಾರುವ ಮುಂಚೆ ಒಮ್ಮೆ ಲೆಕ್ಕಿಗರ ಬಳಿ ಹೋಗಿ ಬನ್ನಿ.